ಎಲೆ ಟೀ ಕೈಕೊಟ್ಟಾಗ: ತಪ್ಪು ಎಲೆಯಲ್ಲೋ, ನೀರಿನಲ್ಲೋ, ಹೊತ್ತಿನಲ್ಲೋ?

ಒಳ್ಳೆ ಬೆಲೆ ಕೊಟ್ಟು ಡಾರ್ಜಿಲಿಂಗ್ ಅಥವಾ ನೀಲಗಿರಿಯ ಎಲೆ ಟೀ ತಂದಿರುತ್ತೀರಿ. ಮನೆಯಲ್ಲಿ ಮಾಡಿದರೆ ನಾಲಿಗೆ ಒಣಗುವಷ್ಟು ಒಗರು, ಇಲ್ಲವೇ ಬಣ್ಣ ಬಂದ ಬಿಸಿನೀರು. ಅಂಗಡಿಯವನು ಮೋಸ ಮಾಡಿದ ಅಂತ ಮೊದಲು ಅನ್ನಿಸುತ್ತದೆ. ಡಬ್ಬಿ ಮೂಲೆ ಸೇರುತ್ತದೆ, ಮಾಮೂಲಿ ಟೀ ಪುಡಿ ಮತ್ತೆ ಒಲೆ ಹತ್ತಿರ ಬರುತ್ತದೆ. ಹಾಗೆ ಮೂಲೆ ಸೇರಿದ ಎಲೆಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಇರುತ್ತವೆ ಎಂಬುದು ನನ್ನ ನಂಬಿಕೆ. ತೊಂದರೆ ಇರುವುದು ಬಹುಪಾಲು ನೀರಿನಲ್ಲಿ, ಆಮೇಲೆ ಹೊತ್ತಿನಲ್ಲಿ, ಆಮೇಲೆ ಅಳತೆಯಲ್ಲಿ. ಎಲೆಯ ಮೇಲೆ ಅನುಮಾನ ಪಡುವುದು ಕಟ್ಟಕಡೆಗೆ.

ಇಲ್ಲಿ ಹೇಳುವುದೆಲ್ಲ ಹಾಲು ಹಾಕದೆ ಕುಡಿಯುವ ಕಪ್ಪು ಟೀ ಬಗ್ಗೆ. ಕರಾವಳಿಯವರ ಕಣ್ಣ ಚಾ ಅಂದುಕೊಳ್ಳಿ. ಹಾಲಿನ ವಿಷಯ ಕೊನೆಯಲ್ಲಿ ಸ್ವಲ್ಪ ಬರುತ್ತದೆ.

ಮೊದಲು ಒಂದು ಅಳತೆಯ ಕಪ್

ಕಣ್ಣಂದಾಜಿನಲ್ಲಿ ಮಾಡಿದ ಟೀ ದಿನಕ್ಕೊಂದು ರುಚಿ ಬರುತ್ತದೆ. ಅದರಲ್ಲಿ ಏನು ಕೆಟ್ಟಿದೆ ಅಂತ ಹೇಳುವುದು ಹೇಗೆ? ಟೀ ರುಚಿ ನೋಡುವುದನ್ನೇ ಕಸುಬು ಮಾಡಿಕೊಂಡವರು ಇದಕ್ಕಾಗಿ ಯಾವಾಗಲೂ ಒಂದೇ ಕ್ರಮ ಹಿಡಿಯುತ್ತಾರೆ. ಅಂಥದ್ದೊಂದು ಕ್ರಮವನ್ನು 1980ರಲ್ಲಿ ಐಎಸ್‌ಒ 3103 ಎಂಬ ಹೆಸರಿನಲ್ಲಿ ಅಂತಾರಾಷ್ಟ್ರೀಯ ಮಾನದಂಡವಾಗಿಯೂ ಬರೆದಿಟ್ಟರು. 100 ಮಿಲಿಲೀಟರ್ ಕುದಿಯುವ ನೀರಿಗೆ 2 ಗ್ರಾಂ ಎಲೆ, ಪಿಂಗಾಣಿ ಪಾತ್ರೆ, ಮುಚ್ಚಳ ಹಾಕಿ 6 ನಿಮಿಷ. ಇದು ಕುಡಿದು ಖುಷಿಪಡುವ ಟೀ ಅಲ್ಲ. ಎಲೆಯಲ್ಲಿರುವ ಒಳ್ಳೆಯದೂ ಕೆಟ್ಟದ್ದೂ ಎದ್ದು ಕಾಣಲಿ ಅಂತ ಬೇಕೆಂದೇ ಗಟ್ಟಿಯಾಗಿ ಮಾಡುವ ಟೀ.

ಮನೆಗೆ ಇಷ್ಟು ಸಾಕು: 200 ಮಿಲಿ ನೀರಿಗೆ 2.5 ಗ್ರಾಂ ಎಲೆ, ಆಗಷ್ಟೇ ಕುದಿದ ನೀರು, ಮುಚ್ಚಳ, 4 ನಿಮಿಷ. ಸಕ್ಕರೆ ಬೇಡ, ನಿಂಬೆ ಬೇಡ. ಇದನ್ನೇ ಅಳತೆಯ ಕಪ್ ಅಂತ ಇಟ್ಟುಕೊಳ್ಳಿ. ಮುಂದೆ ಏನು ಬದಲಾಯಿಸಿದರೂ ಇದರ ಜೊತೆ ಹೋಲಿಸಿ ನೋಡಬೇಕು. ಮತ್ತೆ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ನೀರನ್ನೂ ಹೊತ್ತನ್ನೂ ಒಟ್ಟಿಗೆ ಬದಲಾಯಿಸಿದರೆ ಟೀ ಸರಿಹೋಗಬಹುದು, ಯಾಕೆ ಸರಿಹೋಯಿತು ಅಂತ ಮಾತ್ರ ಗೊತ್ತಾಗುವುದಿಲ್ಲ.

ತೂಕದ ವಿಷಯದಲ್ಲಿ ಚಮಚವನ್ನು ನಂಬಬೇಡಿ. ಸಿಟಿಸಿ, ಅಂದರೆ ನಮ್ಮ ಮಾಮೂಲಿ ಟೀ ಪುಡಿ, ಗುಂಡಗೆ, ಒತ್ತೊತ್ತಾಗಿ ಕೂರುತ್ತದೆ. ದೊಡ್ಡ ಎಲೆಯ ಟೀ ಗರಿಗರಿಯಾಗಿ, ನಡುವೆ ಗಾಳಿ ತುಂಬಿಕೊಂಡು ಕೂರುತ್ತದೆ. ಅದೇ ಚಮಚ ಎಲೆ ಟೀ, ಪುಡಿಯ ಅರ್ಧ ತೂಗಿದರೂ ಆಶ್ಚರ್ಯವಿಲ್ಲ. ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಈಗ ಅಗ್ಗವಾಗಿ ಸಿಗುತ್ತದೆ. ಟೀ ಸಾಮಾನಿನಲ್ಲಿ ಒಂದನ್ನೇ ಕೊಳ್ಳುವುದಾದರೆ ಅದನ್ನೇ ಕೊಳ್ಳಿ ಎನ್ನುತ್ತೇನೆ. ಚಂದದ ಕೆಟಲ್ ಆಮೇಲೂ ಬರಬಹುದು.

ರುಚಿ ನೋಡುವಾಗ ಮೂರು ಕಡೆ ಗಮನ ಕೊಡಿ: ಒಣ ಎಲೆ, ನೆಂದ ಎಲೆ, ಡಿಕಾಕ್ಷನ್ ಅಂದರೆ ಸೋಸಿದ ಟೀ. ಸೋಸಿದ ಮೇಲೆ ನೆಂದ ಎಲೆಯನ್ನು ಬಿಸಾಡಬೇಡಿ. ಬಿಸಿ ಇರುವಾಗಲೇ ಮೂಗಿನ ಹತ್ತಿರ ಹಿಡಿಯಿರಿ. ಎಲೆಯಲ್ಲಿ ಮುಗ್ಗಲು, ಹೊಗೆ, ಸೀದ ವಾಸನೆ ಏನಿದ್ದರೂ ಅಲ್ಲಿ ಮೊದಲು ಸಿಕ್ಕಿಬೀಳುತ್ತದೆ. ಡಿಕಾಕ್ಷನ್ ಅನ್ನು ಗಾಳಿಯ ಜೊತೆ ಜೋರಾಗಿ ಸೊರ್ ಅಂತ ಎಳೆದು ಕುಡಿಯಿರಿ. ಟೀ ಟೇಸ್ಟರ್‌ಗಳು ಮಾಡುವುದೂ ಅದನ್ನೇ. ಹಾಗೆ ಕುಡಿದಾಗ ಪರಿಮಳ ಬಾಯಿಂದ ಮೂಗಿನ ಹಿಂಭಾಗಕ್ಕೆ ಚೆನ್ನಾಗಿ ಏರುತ್ತದೆ.

ದೂರು: ಬಾಯೆಲ್ಲ ಒಗರು, ಕಹಿ

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರು ಇದು. ಮೊದಲು ಒಗರನ್ನೂ ಕಹಿಯನ್ನೂ ಬೇರೆ ಮಾಡಿ. ಎಳೆ ಬಾಳೆಕಾಯಿ ಕಚ್ಚಿದಾಗ ಬಾಯಿ ಹಿಡಿದುಕೊಳ್ಳುತ್ತದಲ್ಲ, ಆ ಅನುಭವ ಒಗರು. ಕಹಿ ನಾಲಿಗೆಯ ಮೇಲಿನ ರುಚಿ. ಒಗರು ಬರುವುದು ಎಲೆಯ ಪಾಲಿಫೀನಾಲ್‌ಗಳಿಂದ, ಅಂದರೆ ನಾವು ಟ್ಯಾನಿನ್ ಅಂತ ಕರೆಯುವ ಗುಂಪಿನಿಂದ. ಅವು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುತ್ತವೆ. ಕಹಿಯಲ್ಲಿ ಕೆಫೀನಿನ ಪಾಲು ದೊಡ್ಡದು.

ಕಪ್ಪು ಟೀಯಲ್ಲಿ ಒಂದಿಷ್ಟು ಒಗರು ಇರಲೇಬೇಕು. ಎಲೆ ಹುದುಗುವಾಗ, ಅಂದರೆ ಗಾಳಿಗೆ ಆಕ್ಸಿಡೀಕರಣ ಆಗುವಾಗ, ಥಿಯಾಫ್ಲೇವಿನ್ ಮತ್ತು ಥಿಯಾರುಬಿಜಿನ್ ಎಂಬ ವಸ್ತುಗಳು ಹುಟ್ಟುತ್ತವೆ. ಥಿಯಾಫ್ಲೇವಿನ್ ಹೊಳೆಯುವ ಬಣ್ಣವನ್ನೂ, ಟೇಸ್ಟರ್‌ಗಳು ‘ಬ್ರಿಸ್ಕ್’ ಎನ್ನುವ ಚುರುಕನ್ನೂ ಕೊಡುತ್ತದೆ. ಥಿಯಾರುಬಿಜಿನ್ ಕೆಂಪು-ಕಂದು ಬಣ್ಣವನ್ನೂ ಮೈಯನ್ನೂ, ಅಂದರೆ ಬಾಯಿ ತುಂಬುವ ಗಟ್ಟಿತನವನ್ನೂ, ಕೊಡುತ್ತದೆ. ಚುರುಕು ಪೂರ್ತಿ ಹೋದರೆ ಟೀ ಸತ್ತಂತೆ. ಹಾಗಾಗಿ ಒಗರನ್ನು ಅಳಿಸುವುದು ನಮ್ಮ ಕೆಲಸವಲ್ಲ, ಹದಕ್ಕೆ ತರುವುದು.

ಎಲ್ಲಿ ಹದ ತಪ್ಪುತ್ತದೆ? ನಮ್ಮ ಅಡುಗೆಮನೆಗಳಲ್ಲಿ ಮೊದಲ ಕಾರಣ ಎಲೆಯನ್ನು ಒಲೆಯ ಮೇಲೆ ಕುದಿಸುವುದು. ಟೀ ಅಂದರೆ ಕುದಿಸುವುದೇ ಅನ್ನುವ ಅಭ್ಯಾಸ ನಮಗೆ ಬಂದಿರುವುದು ಸಿಟಿಸಿಯಿಂದ. 1930ರ ದಶಕದ ಆರಂಭದಲ್ಲಿ ಅಸ್ಸಾಂನಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದ ಯಂತ್ರ ಎಲೆಯನ್ನು ಹಿಸುಕಿ, ಹರಿದು, ಗುಂಡಗೆ ಸುರುಳಿ ಮಾಡುತ್ತದೆ. ಆ ಪುಡಿ ಬೇಗ ಬಣ್ಣ ಬಿಡುತ್ತದೆ, ಹಾಲು ಸಕ್ಕರೆಯ ಎದುರು ತಡೆದು ನಿಲ್ಲುತ್ತದೆ. ಆರ್ಥಡಾಕ್ಸ್ ಎಲೆಯ, ಅಂದರೆ ನಾವು ಇಲ್ಲಿ ಮಾತಾಡುತ್ತಿರುವ ಎಲೆ ಟೀಯ, ಲೆಕ್ಕವೇ ಬೇರೆ. ಅದನ್ನು ಹೊಸೆದು ಸುರುಳಿ ಮಾಡಿರುತ್ತಾರೆ, ಪರಿಮಳ ಅದರ ಬಂಡವಾಳ. ಕುದಿಸಿದರೆ ಪರಿಮಳ ಆವಿಯ ಜೊತೆ ಹೋಗುತ್ತದೆ, ಒಗರು ಪಾತ್ರೆಯಲ್ಲಿ ಉಳಿಯುತ್ತದೆ. ನೀರು ಕುದಿಸಿ, ಒಲೆ ಆರಿಸಿ, ಆಮೇಲೆ ಎಲೆ ಹಾಕಿ.

ಎರಡನೆಯದು ಹೊತ್ತು. ಒಂದೇ ಎಲೆಯನ್ನು ನಾಲ್ಕು ಲೋಟಕ್ಕೆ ತೂಗಿ ಹಾಕಿ. 2, 3, 4, 5 ನಿಮಿಷಕ್ಕೆ ಒಂದೊಂದನ್ನೇ ಸೋಸಿ, ಸಾಲಾಗಿಟ್ಟು ರುಚಿ ನೋಡಿ. ನಿಮ್ಮ ಎಲೆ ಎಲ್ಲಿ ಅರಳುತ್ತದೆ, ಎಲ್ಲಿ ಕೆಡುತ್ತದೆ ಎಂದು ಒಂದೇ ಕೂತಲ್ಲಿ ಗೊತ್ತಾಗುತ್ತದೆ. ಪ್ಯಾಕೆಟ್ಟಿನ ಮೇಲೆ ಬರೆದ ಯಾವ ಸೂಚನೆಗಿಂತಲೂ ಈ ಪರೀಕ್ಷೆಯನ್ನು ನಾನು ಹೆಚ್ಚು ನಂಬುತ್ತೇನೆ. ಒಗರಾಯಿತು ಅಂತ ಎಲೆ ಕಡಿಮೆ ಮಾಡಿ, ಹೊತ್ತನ್ನು ಹಾಗೇ ಇಟ್ಟರೆ ಟೀ ತೆಳುವಾಗುತ್ತದೆ, ಒಗರಿನ ಪಾಲು ಹಾಗೇ ಉಳಿಯುತ್ತದೆ. ಎಲೆ ಅಷ್ಟೇ ಇರಲಿ, ನಿಮಿಷ ಇಳಿಸಿ.

ಎಲೆಯ ಗಾತ್ರವನ್ನೂ ನೋಡಿ. ಪ್ಯಾಕೆಟ್ಟಿನ ಮೇಲಿನ ಬಿಒಪಿ, ಜಿಬಿಒಪಿ ಅಂದರೆ ಮುರಿದ ಎಲೆ. ಎಫ್‌ಟಿಜಿಎಫ್‌ಒಪಿ ಥರದ ಉದ್ದದ ಹೆಸರುಗಳು ಇಡೀ ಎಲೆಯವು. ಈ ಅಕ್ಷರಗಳು ಎಲೆಯ ಗಾತ್ರ ಮತ್ತು ಚಿಗುರು ಕುಡಿಯ ಪ್ರಮಾಣ ಹೇಳುತ್ತವೆಯೇ ಹೊರತು ರುಚಿಗೆ ಜಾಮೀನು ಕೊಡುವುದಿಲ್ಲ. ಮುರಿದ ಎಲೆಗೆ ನೀರು ತಾಗುವ ಮೈ ಜಾಸ್ತಿ, ಆದ್ದರಿಂದ ಅದು ಬೇಗ ರಸ ಬಿಡುತ್ತದೆ. 2ರಿಂದ 3 ನಿಮಿಷ ಸಾಕು. ಡಬ್ಬಿಯ ಮೇಲಿನ ಟೀ ಚೆನ್ನಾಗಿದ್ದು, ತಳಕ್ಕೆ ಬಂದಾಗ ಒಗರಾಗಿದ್ದರೆ ಕಾರಣ ಇದೇ. ತಳದಲ್ಲಿ ಚೂರು, ಧೂಳು ಸೇರಿರುತ್ತದೆ. ತಳದ ಎಲೆಗೆ ಒಂದು ನಿಮಿಷ ಕಡಿಮೆ ಕೊಡಿ.

ಸೋಸುವಾಗ ಎಲೆಯನ್ನು ಚಮಚದಿಂದ ಒತ್ತಿ ಹಿಂಡುವವರಿದ್ದಾರೆ. ಅದು ಬೇಡ. ಎಲೆಯನ್ನು ಕೆಟಲ್‌ನಲ್ಲೇ ಬಿಟ್ಟು ಅರ್ಧ ಗಂಟೆಯ ನಂತರ ಎರಡನೇ ಕಪ್ ಸುರಿದುಕೊಳ್ಳುವುದೂ ಬೇಡ. ಪೂರ್ತಿ ಸೋಸಿ ಬೇರೆ ಪಾತ್ರೆಗೆ ತೆಗೆದಿಡಿ.

ಡಾರ್ಜಿಲಿಂಗ್ ಫಸ್ಟ್ ಫ್ಲಶ್, ಅಂದರೆ ವರ್ಷದ ಮೊದಲ ಚಿಗುರಿನ ಕೊಯ್ಲಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಕೊಯ್ಯುವ ಈ ಎಲೆಯನ್ನು ಚೆನ್ನಾಗಿ ಬಾಡಿಸಿ, ಪೂರ್ತಿ ಆಕ್ಸಿಡೀಕರಣ ಆಗುವ ಮೊದಲೇ ಒಣಗಿಸುತ್ತಾರೆ. ಅದಕ್ಕೇ ಒಣ ಎಲೆಯಲ್ಲಿ ಹಸಿರು ಕಾಣುತ್ತದೆ, ಡಿಕಾಕ್ಷನ್ ತೆಳು ಹೊಂಬಣ್ಣ ಬರುತ್ತದೆ. ಬಣ್ಣ ಸಾಲದು ಅಂತ ಇನ್ನೂ ಎರಡು ನಿಮಿಷ ಬಿಟ್ಟರೆ ಬಣ್ಣ ಬರುವುದಿಲ್ಲ, ಕಹಿ ಬರುತ್ತದೆ. ಇದಕ್ಕೆ 85ರಿಂದ 90 ಡಿಗ್ರಿ ನೀರು, ಎರಡೂವರೆಯಿಂದ ಮೂರು ನಿಮಿಷ. ಈ ಟೀಯನ್ನು ಬಣ್ಣ ನೋಡಿ ಅಳೆಯಲೇಬಾರದು.

ದೂರು: ಸಪ್ಪೆ, ನೀರು ನೀರು

ತೂಕ ಸರಿಯಿದೆ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಸರಿಯಿದ್ದರೆ ಮುಂದೆ ನೋಡಬೇಕಾದ್ದು ಬಿಸಿ.

ಫಸ್ಟ್ ಫ್ಲಶ್ ಬಿಟ್ಟರೆ ಕಪ್ಪು ಟೀಗೆ ನೀರು ಕೊತಕೊತ ಮರಳುತ್ತಿರಬೇಕು. ತಳದಲ್ಲಿ ಸಣ್ಣ ಗುಳ್ಳೆ ಎದ್ದ ಕೂಡಲೇ ಇಳಿಸಿದರೆ ಸಾಲದು. ಆಫೀಸುಗಳ ಡಿಸ್ಪೆನ್ಸರ್‌ನ ಬಿಸಿನೀರು ಸಾಮಾನ್ಯವಾಗಿ ಕುದಿಯುವ ಮಟ್ಟಕ್ಕೆ ಬಂದಿರುವುದಿಲ್ಲ. ಅಲ್ಲಿ ಎಲೆ ಟೀ ಸಪ್ಪೆಯಾಗುವುದು ಸಹಜ, ಒಂದು ನಿಮಿಷ ಹೆಚ್ಚು ಕೊಡಿ. ತಣ್ಣಗಿರುವ ಪಿಂಗಾಣಿ ಕೆಟಲ್‌ಗೆ ಕುದಿನೀರು ಸುರಿದರೆ ಕೆಟಲ್ಲೇ ಬಿಸಿಯನ್ನು ನುಂಗಿಬಿಡುತ್ತದೆ. ಮೊದಲು ಸ್ವಲ್ಪ ಬಿಸಿನೀರು ಹಾಕಿ ಆಡಿಸಿ, ಚೆಲ್ಲಿ, ಆಮೇಲೆ ಎಲೆ ಹಾಕಿ. ಮುಚ್ಚಳ ಮರೆಯಬೇಡಿ.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸುಮಾರು 300 ಮೀಟರ್ ಏರಿದರೆ ನೀರು ಕುದಿಯುವ ಬಿಸಿ ಒಂದು ಡಿಗ್ರಿಯಷ್ಟು ಇಳಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ನೀರು, 900 ಮೀಟರ್ ದಾಟಿದ ಬೆಂಗಳೂರಿನಲ್ಲಿ 97ರ ಆಸುಪಾಸಿನಲ್ಲೇ ಕುದಿಯುತ್ತದೆ. 2,200 ಮೀಟರ್ ಎತ್ತರದ ಊಟಿಯಲ್ಲಿ ಅದು 93ರ ಹತ್ತಿರ. ಬೆಂಗಳೂರಿನವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಊಟಿಯ ಮನೆಯಲ್ಲಿ ಅಸ್ಸಾಂ ಟೀ ಮಾಡುವವರು ಮಾತ್ರ 5 ನಿಮಿಷ ಕೊಡಬೇಕು.

ಇನ್ನೊಂದು ಸಣ್ಣ ವಿಷಯ. ಸರಪಳಿ ಇರುವ ಉಂಡೆ ಜಾಲರಿಯೊಳಗೆ ಎಲೆ ತುರುಕಿ ಲೋಟಕ್ಕೆ ಇಳಿಬಿಡುತ್ತಾರೆ. ಇಡೀ ಎಲೆ ನೆಂದಾಗ ಹಲವು ಪಟ್ಟು ಉಬ್ಬುತ್ತದೆ. ಉಂಡೆಯೊಳಗೆ ಅದಕ್ಕೆ ಬಿಚ್ಚಿಕೊಳ್ಳಲು ಜಾಗವಿಲ್ಲ, ನಡುವಿನ ಎಲೆಗೆ ನೀರೂ ಸರಿಯಾಗಿ ತಾಗುವುದಿಲ್ಲ. ಎಲೆಯನ್ನು ನೇರವಾಗಿ ನೀರಿಗೆ ಹಾಕಿ ಸೋಸುವುದೇ ಒಳ್ಳೆಯದು. ಸ್ಟೀಲ್ ಪಾತ್ರೆ, ತಟ್ಟೆಯ ಮುಚ್ಚಳ, ಮಾಮೂಲಿ ಜಾಲರಿ ಇದ್ದರೆ ಸಾಕು.

ದೂರು: ಮಂಕು ಬಣ್ಣ, ಮೇಲೆ ಪೊರೆ, ಬಾಯಲ್ಲಿ ಜಿಡ್ಡು

ಇದು ನೀರಿನ ಕೆಲಸ. ಕರ್ನಾಟಕದಲ್ಲಿ ಎಲೆ ಟೀ ಕುಡಿಯುವವರು ಎಲ್ಲಕ್ಕಿಂತ ಹೆಚ್ಚು ತಿಳಿದುಕೊಳ್ಳಬೇಕಾದ ವಿಷಯವೂ ಇದೇ.

ಕಪ್ಪು ಟೀ ಮಾಡಿ ಐದು ನಿಮಿಷ ಇಡಿ. ಮೇಲೆ ಕಂದು ಬಣ್ಣದ ತೆಳು ಪೊರೆ ಕಟ್ಟಿ, ಚಮಚ ಆಡಿಸಿದರೆ ಚೂರು ಚೂರಾಗಿ ಒಡೆದು, ಲೋಟದ ಗೋಡೆಗೆ ಕರೆಯಾಗಿ ಅಂಟಿಕೊಂಡರೆ ನಿಮ್ಮದು ಗಡಸು ನೀರು. ಟೀ ಪುಡಿಗೆ ಎಣ್ಣೆ ಸೇರಿಸಿದ್ದಾರೆ ಅಂತ ಕೆಲವರು ಭಾವಿಸುತ್ತಾರೆ. ಹಾಗಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮೈಕೆಲ್ ಸ್ಪೈರೋ ಮತ್ತು ಡಿಯೋಗ್ರೇಷಿಯಸ್ ಜಗನ್ಯಿ ಈ ಪೊರೆಯನ್ನೇ ಅಧ್ಯಯನ ಮಾಡಿ 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ನೀರಿನಲ್ಲಿ ಕ್ಯಾಲ್ಸಿಯಂ ಥರದ ಗಡಸು ಲವಣವೂ ಬೈಕಾರ್ಬನೇಟೂ ಒಟ್ಟಿಗೆ ಇದ್ದಾಗ, ಟೀಯ ಪಾಲಿಫೀನಾಲ್‌ಗಳು ಮೇಲ್ಮೈಯಲ್ಲಿ ಗಾಳಿಯ ಜೊತೆ ಸೇರಿ ಆಕ್ಸಿಡೀಕರಣಗೊಂಡು ಈ ಪೊರೆ ಆಗುತ್ತದೆ.

ಖಚಿತ ಮಾಡಿಕೊಳ್ಳುವುದು ಸುಲಭ. ಒಂದೇ ತೂಕದ ಎಲೆಯನ್ನು ಎರಡು ಲೋಟಕ್ಕೆ ಹಾಕಿ. ಒಂದಕ್ಕೆ ಮನೆಯ ನೀರು, ಇನ್ನೊಂದಕ್ಕೆ ಬಾಟಲಿಯ ಕುಡಿಯುವ ನೀರು. ಎರಡನ್ನೂ ಕುದಿಸಿಯೇ ಹಾಕಿ. ಬಾಟಲಿ ನೀರಿನ ಟೀ ಹೊಳೆಯುತ್ತಾ, ಕೆಂಪಗೆ, ಚುರುಕಾಗಿದ್ದರೆ, ಮನೆಯದ್ದು ಕಂದುಗಟ್ಟಿ ಮಂಕಾಗಿದ್ದರೆ ಎಲೆ ನಿರಪರಾಧಿ. ಮಂಕಾದ ಲೋಟಕ್ಕೆ ಎರಡು ಹನಿ ನಿಂಬೆರಸ ಬಿಟ್ಟು ನೋಡಿ. ಬಣ್ಣ ಥಟ್ಟನೆ ತಿಳಿಯಾಗುತ್ತದೆ, ಪೊರೆ ಕಟ್ಟುವುದು ನಿಲ್ಲುತ್ತದೆ. ಹುಳಿ ಸೇರಿದಾಗ ಬೈಕಾರ್ಬನೇಟ್ ಒಡೆದು ಇಲ್ಲವಾಗುತ್ತದೆ, ಟೀಯ ಬಣ್ಣದ ವಸ್ತುಗಳೂ ತಿಳಿಯಾಗುತ್ತವೆ. ಅಡುಗೆ ಸೋಡಾ ಹಾಕಿದರೆ ಇದರ ತದ್ವಿರುದ್ಧ: ಟೀ ಕಪ್ಪಿಡುತ್ತದೆ.

ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಬೀದಿಗೂ, ಬೋರ್‌ವೆಲ್ ನೀರಿನ ಮೇಲೆ ನಿಂತಿರುವ ಬಡಾವಣೆಗೂ ಒಂದೇ ಎಲೆ ಎರಡು ಟೀ ಆಗುತ್ತದೆ. ಮನೆ ಬದಲಾಯಿಸಿದ ಮೇಲೆ ಟೀ ಕೆಟ್ಟಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಕೋಲಾರ, ತುಮಕೂರು ಕಡೆಯ ಬೋರ್‌ವೆಲ್ ನೀರಿಗೂ ಇದೇ ಮಾತು.

ಪರಿಹಾರಗಳಲ್ಲಿ ಸುಲಭವಾದ್ದು ನೀರನ್ನು ಹಿಂದಿನ ರಾತ್ರಿ ಐದು ನಿಮಿಷ ಚೆನ್ನಾಗಿ ಕುದಿಸಿ, ಅಲುಗಿಸದೆ ಇಟ್ಟು, ಬೆಳಿಗ್ಗೆ ತಳದ ಬಿಳಿ ಗಸಿ ಬಿಟ್ಟು ಮೇಲಿನ ನೀರನ್ನಷ್ಟೇ ಬಳಸುವುದು. ಕುದಿಸಿದಾಗ ಬೈಕಾರ್ಬನೇಟ್ ಗಡಸುತನದ ಒಂದು ಪಾಲು ಸುಣ್ಣವಾಗಿ ತಳಕ್ಕೆ ಇಳಿಯುತ್ತದೆ. ಎಲೆಕ್ಟ್ರಿಕ್ ಕೆಟಲ್ ತಳದಲ್ಲಿ ಕೂರುವ ಬಿಳಿ ಪದರ ಅದೇ ಸುಣ್ಣ. ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ನೀರು ಕುದಿಸಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಹೋಗುತ್ತದೆ. ಎರಡು ಸಲ ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಮುಂದಿನ ಟೀ ಹುಳಿಯಾಗುತ್ತದೆ. ಒಮ್ಮೆ ಕುದಿದ ನೀರನ್ನು ಮತ್ತೆ ಕುದಿಸಿದರೆ ಆಮ್ಲಜನಕ ಹೋಗಿ ಟೀ ಕೆಡುತ್ತದೆ ಎನ್ನುವ ಮಾತು ತುಂಬಾ ಓಡಾಡುತ್ತದೆ. ಮೊದಲ ಕುದಿಯಲ್ಲೂ ಆಮ್ಲಜನಕ ಹೆಚ್ಚೇನೂ ಉಳಿದಿರುವುದಿಲ್ಲ. ಗಡಸು ನೀರಿನ ಮನೆಯವರು ಸುಮ್ನೆ ಅದಕ್ಕೆ ಹೆದರಬೇಡಿ.

ಅಪಾರ್ಟ್‌ಮೆಂಟುಗಳ ಸಾಫ್ಟ್‌ನರ್ ಬಗ್ಗೆ ಎಚ್ಚರ ಇರಲಿ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ. ಪೊರೆ ಕಟ್ಟುವುದು ನಿಲ್ಲುತ್ತದೆ. ಆದರೆ ಬೈಕಾರ್ಬನೇಟ್ ಅಲ್ಲೇ ಉಳಿಯುವುದರಿಂದ ಟೀ ಇನ್ನೂ ಮಂಕಾಗಿಯೇ ಇರುತ್ತದೆ. ಪೊರೆ ಇಲ್ಲ, ಆದರೂ ಚುರುಕಿಲ್ಲ ಅನ್ನುವ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ. ಆರ್‌ಒ ನೀರು ಇದರ ಇನ್ನೊಂದು ತುದಿ. ಬಣ್ಣ ಹೊಳೆಯುತ್ತದೆ, ಪರಿಮಳ ಎದ್ದು ಬರುತ್ತದೆ, ಒಗರು ಮಾತ್ರ ಮೊನಚಾಗುತ್ತದೆ, ಮೈ ತೆಳುವಾಗುತ್ತದೆ. ಆರ್‌ಒ ನೀರಿಗೆ ಸ್ವಲ್ಪ ಸಾದಾ ಫಿಲ್ಟರ್ ನೀರು ಬೆರೆಸಿ ನೋಡಿ. ಮೂರು ಪಾಲಿಗೆ ಒಂದು ಪಾಲಿನಿಂದ ಶುರು ಮಾಡಬಹುದು. ಡಾರ್ಜಿಲಿಂಗ್‌ಗೆ ಆರ್‌ಒ ನೀರೇ ನನಗಿಷ್ಟ. ಅಸ್ಸಾಂಗೆ ಬೆರಕೆ ನೀರು ಒಪ್ಪುತ್ತದೆ.

ಟೀ ಕಪ್ಪಗೆ, ನೀಲಿ ಬೆರೆತ ಶಾಯಿಯಂತೆ ಬಂದರೆ ಅದು ಕಬ್ಬಿಣ. ಕರಾವಳಿಯ ಕೆಂಪು ಮುರಕಲ್ಲಿನ ನೆಲದ ಕೆಲವು ಬಾವಿ, ಬೋರ್‌ವೆಲ್‌ಗಳ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಅದು ಟ್ಯಾನಿನ್ ಜೊತೆ ಸೇರಿದರೆ ಕಪ್ಪು ಬಣ್ಣ ಕಟ್ಟುತ್ತದೆ. ಹಳೆಯ ಕಾಲದ ಬರೆಯುವ ಶಾಯಿಯನ್ನೂ ಇದೇ ತತ್ವದಲ್ಲಿ ಮಾಡುತ್ತಿದ್ದರು. ಆ ನೀರನ್ನು ಬಿಳಿ ಬಟ್ಟಲಿನಲ್ಲಿ ರಾತ್ರಿಯಿಡೀ ಇಟ್ಟರೆ ತಳದಲ್ಲಿ ಹಳದಿ-ಕಂದು ಗಸಿ ಕಾಣುತ್ತದೆ. ತುಕ್ಕು ಹಿಡಿದ ಪೈಪು, ಕಬ್ಬಿಣದ ಪಾತ್ರೆಯೂ ಇದೇ ತೊಂದರೆ ಕೊಡುತ್ತವೆ. ಟೀಗೆ ಸ್ಟೀಲ್, ಗಾಜು, ಪಿಂಗಾಣಿ ಸಾಕು.

ಆಸ್ಪತ್ರೆಯ ವಾಸನೆ ಬಂದರೆ ಕ್ಲೋರಿನ್ ನೋಡಿ. ನಲ್ಲಿ ನೀರಿಗೆ ಹಾಕುವ ಕ್ಲೋರಿನ್ ಟೀಯ ಫೀನಾಲ್‌ಗಳ ಜೊತೆ ಸೇರಿ ಔಷಧಿಯಂಥ ವಾಸನೆ ಹುಟ್ಟಿಸುತ್ತದೆ. ನೀರನ್ನು ಅಗಲ ಪಾತ್ರೆಯಲ್ಲಿ ತೆರೆದಿಟ್ಟರೆ, ಇಲ್ಲವೇ ಮುಚ್ಚಳ ಇಲ್ಲದೆ ಎರಡು ಮೂರು ನಿಮಿಷ ಕುದಿಸಿದರೆ ಬಹುಪಾಲು ಹೋಗುತ್ತದೆ. ಇದ್ದಿಲಿನ ಫಿಲ್ಟರ್ ಇನ್ನೂ ಚೆನ್ನಾಗಿ ತೆಗೆಯುತ್ತದೆ.

ದೂರು: ಆರಿದ ಮೇಲೆ ಬಗ್ಗಡವಾಯಿತು

ಬಿಸಿ ಇದ್ದಾಗ ತಿಳಿಯಾಗಿದ್ದ ಟೀ ಆರುತ್ತಾ ಹಾಲು ಬೆರೆಸಿದಂತೆ ಮಬ್ಬಾದರೆ ಅದು ಕೆಟ್ಟಿಲ್ಲ. ಕೆಫೀನ್ ಮತ್ತು ಪಾಲಿಫೀನಾಲ್‌ಗಳು ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಂಡು ಕರಗದೆ ಹೊರಬರುತ್ತವೆ. ಟೇಸ್ಟರ್‌ಗಳು ಇದಕ್ಕೆ ‘ಕ್ರೀಮ್’ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಇದು ಸತ್ವ ಇರುವ ಎಲೆಯ ಗುರುತು. ಅಸ್ಸಾಂ ಟೀಯಲ್ಲಿ ಚೆನ್ನಾಗಿ ಕಾಣುತ್ತದೆ. ಮತ್ತೆ ಬಿಸಿ ಮಾಡಿದರೆ ಮಬ್ಬು ಹೋಗುತ್ತದೆ. ಗಡಸು ನೀರಿನ ಪೊರೆ ಬಿಸಿ ಮಾಡಿದರೆ ಹೋಗುವುದಿಲ್ಲ. ಎರಡನ್ನೂ ಬೇರೆ ಮಾಡಲು ಇದೇ ಪರೀಕ್ಷೆ.

ಐಸ್ ಟೀಗೆ ಮಾತ್ರ ಇದು ನೋಡಲು ಚೆನ್ನಾಗಿರುವುದಿಲ್ಲ. ನೀಲಗಿರಿ ಎಲೆ ಬಳಸಿ, ಅದು ತಣ್ಣಗಾದರೂ ತಿಳಿಯಾಗಿ ಉಳಿಯುವುದಕ್ಕೆ ಹೆಸರಾಗಿದೆ. ಇಲ್ಲವೇ ಒಂದು ಲೀಟರ್ ತಣ್ಣೀರಿಗೆ 8ರಿಂದ 10 ಗ್ರಾಂ ಎಲೆ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಸೋಸಿ. ಮಬ್ಬೂ ಇಲ್ಲ, ಒಗರೂ ಇಲ್ಲ.

ದೂರು: ಏನೋ ವಾಸನೆ

ಒಣಗಿದ ಟೀ ಎಲೆ ಸುತ್ತಲಿನ ವಾಸನೆಯನ್ನೂ ತೇವವನ್ನೂ ಎಳೆದುಕೊಳ್ಳುತ್ತದೆ. ಮಲ್ಲಿಗೆ ಟೀ ಮಾಡುವುದು ಸಾಧ್ಯವಾಗಿರುವುದೇ ಇದರಿಂದ. ಅದೇ ಗುಣದಿಂದ ನಿಮ್ಮ ಡಾರ್ಜಿಲಿಂಗ್‌ಗೆ ಸಾರಿನ ಪುಡಿಯ ವಾಸನೆಯೂ ಬರುತ್ತದೆ. ಮಸಾಲೆ ಡಬ್ಬಿಗಳ ಸಾಲಿನಲ್ಲಿ, ಒಲೆಯ ಮೇಲಿನ ಶೆಲ್ಫ್‌ನಲ್ಲಿ ಟೀ ಇಡಬೇಡಿ. ಬಿಗಿ ಮುಚ್ಚಳದ ತವರದ ಅಥವಾ ಸ್ಟೀಲ್ ಡಬ್ಬಿ, ಕತ್ತಲೆ, ತಣ್ಣನೆ ಜಾಗ. ದಿನಾ ತೆಗೆದು ಹಾಕುವ ಟೀಗೆ ಫ್ರಿಜ್ ಬೇಡ, ತಣ್ಣನೆ ಡಬ್ಬಿ ತೆರೆದಾಗಲೆಲ್ಲ ಎಲೆಯ ಮೇಲೆ ನೀರಾವಿ ಕೂರುತ್ತದೆ.

ನಮ್ಮ ಮನೆಗಳಲ್ಲಿ ಇನ್ನೊಂದು ಕಾರಣ ಕಾಫಿ. ಕಾಫಿ ಸೋಸಿದ ಬಟ್ಟೆ, ಕಾಫಿ ತುಂಬಿಸಿದ ಫ್ಲಾಸ್ಕ್ ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ. ಎಲೆ ಟೀಗೆ ಬೇರೆ ಜಾಲರಿ ಇಟ್ಟುಕೊಳ್ಳಿ. ಫ್ಲಾಸ್ಕ್‌ನಲ್ಲಿ ಗಂಟೆಗಟ್ಟಲೆ ಇಟ್ಟ ಟೀ ಬೇಯಿಸಿದಂಥ ರುಚಿ ಪಡೆಯುತ್ತದೆ, ಬಣ್ಣವೂ ಕಂದುಗಟ್ಟುತ್ತದೆ. ಅದಕ್ಕೆ ಮದ್ದಿಲ್ಲ. ಬಿಸಿನೀರನ್ನು ಫ್ಲಾಸ್ಕ್‌ನಲ್ಲಿಟ್ಟು, ಎಲೆಯನ್ನು ಬೇರೆ ಕೊಂಡೊಯ್ದರೆ ಆಯಿತು.

ಮಲೆನಾಡು, ಕೊಡಗು, ಕರಾವಳಿಯ ಮಳೆಗಾಲದಲ್ಲಿ ಎಲೆ ಮೆತ್ತಗಾಗುತ್ತದೆ. ಒಂದು ಎಲೆಯನ್ನು ಬೆರಳಲ್ಲಿ ಮುರಿದು ನೋಡಿ. ಚಟ್ ಅಂತ ಮುರಿಯಬೇಕು. ಬಾಗಿದರೆ ತೇವ ಹಿಡಿದಿದೆ. ಮುಗ್ಗಲು ಇನ್ನೂ ಬಂದಿಲ್ಲವಾದರೆ ಹದ ಉರಿಯಲ್ಲಿ ಬೆಚ್ಚಗಾದ ಬಾಣಲೆಯನ್ನು ಒಲೆಯಿಂದ ಇಳಿಸಿ, ಅದರಲ್ಲಿ ಎಲೆ ಹರಡಿ ತೇವ ಆರಿಸಬಹುದು. ಹೋದ ಪರಿಮಳ ವಾಪಸ್ ಬರುವುದಿಲ್ಲ. ಬೂಷ್ಟು ಕಂಡರೆ ಪೂರ್ತಿ ಎಸೆಯಿರಿ, ಅದರಲ್ಲಿ ಉಳಿತಾಯ ನೋಡಬೇಡಿ.

ಎಲೆ ತಯಾರಾಗುವಾಗಲೇ ಬಂದ ವಾಸನೆಗಳೂ ಇವೆ. ನೆಂದ ಎಲೆಯಲ್ಲಿ ಸೀದ ವಾಸನೆ ಬಂದರೆ ಒಣಗಿಸುವಾಗ ಉರಿ ಜಾಸ್ತಿಯಾಗಿದೆ. ಹೊಗೆ ವಾಸನೆ ಬಂದರೆ ಡ್ರೈಯರ್‌ನಿಂದ ಹೊಗೆ ತಾಗಿದೆ. ಇವನ್ನು ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ.

ದೋಷದಂತೆ ಕಾಣುವ ಗುಣಗಳು

ಲ್ಯಾಪ್ಸಾಂಗ್ ಸೂಷಾಂಗ್ ತಂದು ಹೊಗೆ ವಾಸನೆ ಅಂತ ದೂರುವಂತಿಲ್ಲ. ಚೀನಾದ ಫೂಜಿಯಾನ್‌ನಲ್ಲಿ ಆ ಎಲೆಯನ್ನು ಪೈನ್ ಸೌದೆಯ ಹೊಗೆಯಲ್ಲೇ ಒಣಗಿಸುತ್ತಾರೆ. ಶ್ರೀಲಂಕಾದ ಊವಾ ಪ್ರಾಂತ್ಯದ ಟೀಯಲ್ಲಿ ಒಣಗಾಳಿಯ ತಿಂಗಳುಗಳಲ್ಲಿ ನೋವಿನ ಮುಲಾಮಿನ ನೆನಪು ತರುವ ತಂಪು ವಾಸನೆ ಇರುತ್ತದೆ. ಅದಕ್ಕೆ ಕಾರಣ ಎಲೆಯಲ್ಲೇ ಹುಟ್ಟುವ ಮೀಥೈಲ್ ಸ್ಯಾಲಿಸಿಲೇಟ್. ಆ ವಾಸನೆಗೇ ಆ ಟೀಗೆ ಬೆಲೆ.

ಡಾರ್ಜಿಲಿಂಗ್ ಸೆಕೆಂಡ್ ಫ್ಲಶ್‌ನ ದ್ರಾಕ್ಷಿಯಂಥ ಮಸ್ಕಟೆಲ್ ಪರಿಮಳದ ಕಥೆ ನನಗೆ ತುಂಬಾ ಇಷ್ಟ. ಮೇ, ಜೂನ್ ಹೊತ್ತಿಗೆ ಸಣ್ಣ ಜಿಗಿಹುಳುಗಳು ಚಿಗುರಿನ ರಸ ಹೀರುತ್ತವೆ. ಗಿಡ ತನ್ನ ರಕ್ಷಣೆಗೆ ಹುಟ್ಟಿಸುವ ವಸ್ತುಗಳು ಈ ಪರಿಮಳಕ್ಕೆ ಕಾರಣವಾಗುತ್ತವೆ. ಅಸ್ಸಾಂನ ಸೆಕೆಂಡ್ ಫ್ಲಶ್‌ನಲ್ಲಿ ರಾಗಿ ಮಾಲ್ಟ್ ಅನ್ನು ನೆನಪಿಸುವ ಗಾಢ ರುಚಿ ಇರಬೇಕು. ನೀಲಗಿರಿಯ ಚಳಿಗಾಲದ ಎಲೆಯಲ್ಲಿ ಹೂವಿನ ಪರಿಮಳ ಮುಂದಿರುತ್ತದೆ, ಮೈ ಹಗುರ. ಅದರಲ್ಲಿ ಅಸ್ಸಾಂನ ಗಟ್ಟಿತನ ಹುಡುಕಿ ಸಪ್ಪೆ ಅನ್ನುವುದು ಸರಿಯಲ್ಲ ಅಲ್ವಾ?

ಹಾಲು ಹಾಕಿದರೆ ಬೂದು ಬಣ್ಣ

ಹಾಲಿನ ಕೇಸೀನ್ ಎಂಬ ಪ್ರೋಟೀನ್ ಟ್ಯಾನಿನ್‌ಗೆ ಅಂಟಿಕೊಂಡು ಒಗರನ್ನು ಮೆದುವಾಗಿಸುತ್ತದೆ. ಎಲೆಯಲ್ಲಿ ಸತ್ವ ಕಡಿಮೆ ಇದ್ದರೆ ಒಗರಿನ ಜೊತೆ ಎಲ್ಲ ರುಚಿಯೂ ಮುಚ್ಚಿಹೋಗುತ್ತದೆ, ಬಣ್ಣ ಬೂದಿಯಾಗುತ್ತದೆ. ಡಾರ್ಜಿಲಿಂಗ್‌ಗೆ ಹಾಲು ಬೇಡವೇ ಬೇಡ. ಹಾಲು ಬೇಕೇ ಬೇಕು ಅನ್ನುವವರು ಅಸ್ಸಾಂನ ಮುರಿದ ಎಲೆ ತೆಗೆದುಕೊಂಡು, 200 ಮಿಲಿಗೆ 3 ಗ್ರಾಂ ಹಾಕಿ 5 ನಿಮಿಷ ಬಿಟ್ಟು, ಸೋಸಿದ ಮೇಲೆ ಬಿಸಿ ಹಾಲು ಸೇರಿಸಿ. ಬಣ್ಣ ಕಿತ್ತಳೆಯ ಹೊಳಪಿಗೆ ಬಂದರೆ ಸರಿಯಾಗಿದೆ.

ಎಲ್ಲ ನೋಡಿಯೂ ಸರಿಹೋಗದಿದ್ದರೆ

ಬಾಟಲಿ ನೀರು, ತೂಗಿದ ಎಲೆ, ಮರಳುವ ನೀರು, ಗಡಿಯಾರ ನೋಡಿದ 4 ನಿಮಿಷ, ಶುಚಿಯಾದ ಪಾತ್ರೆ. ಇಷ್ಟಾದ ಮೇಲೂ ಟೀ ಕೆಟ್ಟದಾಗಿದ್ದರೆ ಈಗ ಎಲೆಯನ್ನು ಅನುಮಾನಿಸಿ.

ಬಣ್ಣ ಬೆರೆಸಿದ ಅನುಮಾನವಿದ್ದರೆ ಬಿಳಿ ಫಿಲ್ಟರ್ ಕಾಗದದ ಮೇಲೆ ಸ್ವಲ್ಪ ಎಲೆ ಹರಡಿ, ತಣ್ಣೀರು ಚಿಮುಕಿಸಿ. ಸ್ವಲ್ಪ ಹೊತ್ತು ಬಿಟ್ಟು ಎಲೆ ತೆಗೆದು, ಕಾಗದವನ್ನು ನಲ್ಲಿ ನೀರಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ಒಳ್ಳೆಯ ಎಲೆ ಗಾಢ ಕಲೆ ಬಿಡುವುದಿಲ್ಲ. ಬಣ್ಣ ಕಟ್ಟಿದ ಎಲೆ ಕಾಗದದ ತುಂಬ ಕಲೆ ಉಳಿಸುತ್ತದೆ. ಕಬ್ಬಿಣದ ಪುಡಿಗೆ ಅಯಸ್ಕಾಂತ ಆಡಿಸಿದರೆ ಸಾಕು. ಯಂತ್ರದಿಂದ ಬಂದ ಒಂದೆರಡು ಕಣ ಅಂಟಬಹುದು, ಗಡ್ಡದಂತೆ ಅಂಟಿಕೊಂಡರೆ ಆ ಟೀ ಕುಡಿಯಬೇಡಿ.

ಕಲಬೆರಕೆ ಇಲ್ಲ, ಬರೀ ಹಳೆಯದಾಗಿದೆ ಅಂತಾದರೆ ಎಸೆಯುವುದು ಬೇಡ. ಮನೆಯ ಸಿಟಿಸಿ ಪುಡಿಗೆ ನಾಲ್ಕನೇ ಒಂದು ಪಾಲು ಬೆರೆಸಿ ಶುಂಠಿ ಟೀಗೆ ಬಳಸಿ. ಮುಂದಿನ ಸಲ ಕೊಳ್ಳುವಾಗ ಪ್ಯಾಕ್ ಮಾಡಿದ ದಿನಾಂಕದ ಜೊತೆಗೆ ಎಲೆ ಕೊಯ್ದ ತಿಂಗಳನ್ನೂ ಕೇಳಿ. ನಮ್ಮ ಚಿಕ್ಕಮಗಳೂರು, ಕೊಡಗು, ಹಾಸನದಲ್ಲೂ ಟೀ ಬೆಳೆಯುತ್ತಾರೆ, ಆ ಕಡೆ ಹೋದವರು ತೋಟದ ಮಳಿಗೆಯಲ್ಲಿ ವಿಚಾರಿಸಿ ತಾಜಾ ಎಲೆ ತರಬಹುದು. ಯಾವುದೇ ಹೊಸ ಟೀಯನ್ನು ಮೊದಲು 50 ಗ್ರಾಂ ಮಾತ್ರ ತನ್ನಿ. ಅಳತೆಯ ಕಪ್ ಮಾಡಿ ರುಚಿ ನೋಡಿ, ಒಪ್ಪಿದರೆ ಮೂರು ನಾಲ್ಕು ತಿಂಗಳಲ್ಲಿ ಮುಗಿಯುವಷ್ಟು ಕೊಳ್ಳಿ.